ಇಬ್ಬರ ಕೈ ಆಡಿದ ಅಕ್ಕ

ಹೋದ ತಿಂಗಳು ಒಂದು ಬೆಳಿಗ್ಗೆ ಒಳಗಿನ ಒಂದು ಊರಿನ ಹಾಲಿನ ಡೈರಿಯ ಸೆಕ್ರೆಟರಿ ನನ್ನ ಅಂಗಡಿಗೆ ಬಂದು, ಒಂದು ಮರಣ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು ಅಂದರು. ಯಾರದ್ದು ಎಂದು ಕೇಳಿದೆ, ಹೇಳಿದರು. ಹಲಗೂರಿನ ಬಸ್ ಸ್ಟಾಪಿನ ಎದುರು ನಾನು ಜೆರಾಕ್ಸ್ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಹುಟ್ಟಿದವರದ್ದು, ಸತ್ತವರದ್ದು, ಜಾತಿಯದ್ದು, ಆದಾಯದ್ದು ಎಂದು ಎಷ್ಟು ಅರ್ಜಿ ತುಂಬಿದ್ದೇನೋ ನನಗೇ ಗೊತ್ತಿಲ್ಲ. ಸತ್ತವರ ಹೆಸರು ಟೈಪು ಮಾಡುವಾಗ ನನ್ನ ಕೈ ಎಂದೂ ನಿಂತದ್ದಿಲ್ಲ. ಅವತ್ತು ನಿಂತಿತು. ಅರ್ಜಿದಾರರಿಗೂ ಮೃತರಿಗೂ ಏನು ಸಂಬಂಧ ಎಂಬ ಕಡೆ ಏನು ಬರೆಯಲಿ ಅಂದರೆ ಸೆಕ್ರೆಟರಿ ತಲೆ ಕೆರೆದುಕೊಂಡರು. ಸತ್ತವರಿಗೆ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೊನೆಗೆ ‘ಜೊತೆಗೆ ಕೆಲಸ ಮಾಡಿದವರು’ ಎಂದು ಬರೆದು ಕಳಿಸಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರನ್ನು ಅವರು ಬಹಳ ಜೋಪಾನ ಮಾಡಿಕೊಂಡಿದ್ದರು. ಅದಕ್ಕೆ ಒಮ್ಮೆ ಮಸಿ ಬಳಿದವನು ನಾನೇ. ಇದ್ದಾಗ ಅಕ್ಕ ಎಂದು ಕರೆಯುತ್ತಿದ್ದೆ, ಈಗಲೂ ಅಕ್ಕ ಎಂದೇ ಇರಲಿ.

ಅವರದ್ದು ಹಲಗೂರಿನಿಂದ ಐದಾರು ಕಿಲೋಮೀಟರ್ ಒಳಗಿನ ಊರು. ಅಲ್ಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಊರಿನ ಹಾಲೆಲ್ಲ ಅವರ ಮುಂದೆ ಹಾದು ಹೋಗಬೇಕು. ನೀರು ಬೆರೆತಿದೆಯೇ ಎಂದು ತೋರಿಸುವ ಕಡ್ಡಿಯನ್ನು ಹಾಲಿಗೆ ಇಳಿಬಿಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ, ಬಗ್ಗಿ ನೋಡಿ, ‘ಡಿಗ್ರಿ ಇಲ್ಲ’ ಅಂದರೆ ಮುಗಿಯಿತು, ಆ ಹಾಲು ವಾಪಸ್. ಡೈರಿ ಅಧ್ಯಕ್ಷರ ಮನೆಯ ಹಾಲನ್ನೇ ಎರಡು ಸಲ ವಾಪಸ್ ಕಳಿಸಿದ್ದರಂತೆ. ಒಂದು ದಿನ ಅವರ ಸ್ವಂತ ಹಸುವಿನ ಹಾಲಿಗೂ ಡಿಗ್ರಿ ಬರಲಿಲ್ಲ. ಕ್ಯಾನು ತೊಳೆದವರು ನೀರನ್ನು ಸರಿಯಾಗಿ ಬಸಿದಿರಲಿಲ್ಲ. ಅದನ್ನೂ ವಾಪಸ್ ಎಂದು ಬರೆದು ಪಕ್ಕಕ್ಕಿಟ್ಟರು. ಇರಲಿ ಹಾಕಿಬಿಡಿ ಎಂದು ಸೆಕ್ರೆಟರಿ ಅಂದದ್ದಕ್ಕೆ, ‘ಯಾರ ಅಸ ಅಂತ ಕಡ್ಡಿ ಕೇಳ್ತದಾ?’ ಅಂದರಂತೆ. ಇದನ್ನು ಸೆಕ್ರೆಟರಿ ಈಗಲೂ ನಗುತ್ತಾ ಹೇಳುತ್ತಾರೆ.

ನಗುವುದು ಸುಲಭ. ದಿನಕ್ಕೆರಡು ಸಲ ಊರಿನವರನ್ನೆಲ್ಲ ಅನುಮಾನದಿಂದ ನೋಡುವ ಕೆಲಸದಲ್ಲಿ ಇಪ್ಪತ್ತೈದು ವರ್ಷ ಕಳೆದ ಹೆಂಗಸಿನ ಮನೆ ಜಗಲಿಯಲ್ಲಿ ಯಾರು ಬಂದು ಕೂರುತ್ತಾರೆ? ಊರಿನಲ್ಲಿ ಅವರಿಗೆ ಮರ್ಯಾದೆ ಇತ್ತು, ಗೆಳೆತನ ಇರಲಿಲ್ಲ. ಒಮ್ಮೆ ಹಲಗೂರಿನ ಒಂದು ಮದುವೆ ಊಟದಲ್ಲಿ ನೋಡಿದ್ದೆ. ಅವರ ಎರಡೂ ಪಕ್ಕದ ಎಲೆ ಕೊನೆಯವರೆಗೂ ಖಾಲಿ ಇದ್ದವು. ಅವರು ಮಾತ್ರ ಅದರ ಪರಿವೆಯೇ ಇಲ್ಲದಂತೆ ಪಾಯಸ ಇನ್ನೊಂದು ಸೌಟು ಹಾಕಿಸಿಕೊಂಡರು.

ನನ್ನ ಅಂಗಡಿಗೆ ಬಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಓದಿದ್ದು ಏಳನೇ ಕ್ಲಾಸು, ಆದರೆ ಯಾವ ಕಾಗದಕ್ಕೂ ಓದಿಸದೆ ಸಹಿ ಹಾಕಿದವರಲ್ಲ. ಲ್ಯಾಮಿನೇಷನ್ ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಮೊದಲಿಂದ ಓದೇಳು ಅನ್ನುತ್ತಿದ್ದರು. ಕೆಳಗೆ ಇರುವೆ ಸಾಲಿನಂತೆ ಅಚ್ಚಾದ ಷರತ್ತುಗಳನ್ನೂ ಓದಬೇಕು. ಹಿಂದೆ ಹತ್ತು ಜನ ಕಾಯುತ್ತಿದ್ದಾರೆ ಎಂದು ನಾನು ಸಿಡುಕಿದರೆ, ಅವರೂ ಓದಿಸಿಕೊಳ್ಳಲಿ ಅನ್ನುವರು. ನಾನೋ ಅರ್ಜಿ ಬರೆದು ಹೊಟ್ಟೆ ಹೊರೆಯುವವನು. ಅರ್ಜಿ ಎಂದರೆ ಮೇಲಿನವರಿಗೆ ಏನು ಬೇಕೋ ಅದನ್ನು ಬರೆಯುವುದು, ನಿಜ ಏನು ಎಂದು ಯಾರಿಗೂ ಬೇಕಾಗಿಲ್ಲ ಎಂದು ಹದಿನೆಂಟು ವರ್ಷದಲ್ಲಿ ಕಲಿತವನು. ನಮಗಿಬ್ಬರಿಗೂ ಹೊಂದಿದ್ದು ಹೇಗೋ ಕಾಣೆ. ಬಹುಶಃ ಅವರ ಜೊತೆ ಜಗಳವಾಡಲಾದರೂ ಒಬ್ಬ ಬೇಕಾಗಿತ್ತು.

ಅವರ ಬದುಕಿನಲ್ಲಿ ಇದ್ದ ಒಂದೇ ಗೆಳೆತನ ಓರಗಿತ್ತಿಯದು, ಗಂಡನ ತಮ್ಮನ ಹೆಂಡತಿ. ಅಕ್ಕ ಅವಳನ್ನು ಚಿಕ್ಕವಳು ಅನ್ನುತ್ತಿದ್ದರು. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಆಮೇಲೆ ಅಣ್ಣತಮ್ಮಂದಿರಿಗೆ ಪಾಲಿನ ಜಗಳವಾಗಿ ಮನೆಯ ನಡುವೆ ಗೋಡೆ ಎದ್ದಿತು, ಮಳವಳ್ಳಿ ಕೋರ್ಟಿನಲ್ಲಿ ಕೇಸು ಬಿತ್ತು. ಗಂಡಸರು ಮಾತು ಬಿಟ್ಟರು, ಹೆಂಗಸರು ಬಿಡಲಿಲ್ಲ. ಗೋಡೆ ಹಿತ್ತಲಿನವರೆಗೆ ಬಂದಿರಲಿಲ್ಲ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಮಧ್ಯಾಹ್ನ ಗಂಡಸರು ಗದ್ದೆಗೆ ಹೋದ ಹೊತ್ತಿಗೆ ಚೌಕಾಬಾರ ಆಡುತ್ತಿದ್ದರಂತೆ.

ನಮ್ಮ ಕಡೆ ಹೆಂಗಸರ ಚೌಕಾಬಾರದಲ್ಲಿ ಒಂದು ಪದ್ಧತಿ ಇದೆ. ಒಲೆ ಮೇಲೆ ಹಾಲು ಉಕ್ಕಿತು, ಮಗು ಎದ್ದಿತು ಎಂದು ಒಬ್ಬಳು ಎದ್ದರೆ ಆಟ ನಿಲ್ಲುವುದಿಲ್ಲ. ನನ್ನ ಕೈಯನ್ನೂ ನೀನೇ ಆಡುತ್ತಿರು ಎಂದು ಹೇಳಿ ಹೋಗುತ್ತಾಳೆ. ಎದುರಾಳಿಯೇ ಎರಡೂ ಕಡೆಯ ಕವಡೆ ಹಾಕಬೇಕು, ಎರಡೂ ಕಡೆಯ ಕಾಯಿ ನಡೆಸಬೇಕು. ತನ್ನ ಕಾಯಿಯನ್ನೇ ಹೊಡೆಯುವ ಅವಕಾಶ ಎದ್ದುಹೋದವಳಿಗೆ ಬಿದ್ದರೆ ಹೊಡೆದು ಆಚೆ ಇಡಬೇಕು. ಎಲ್ಲರಿಗೂ ಇದು ಆಗುವುದಿಲ್ಲ. ಅಕ್ಕನಿಗೆ ಆಗುತ್ತಿತ್ತು. ಚಿಕ್ಕವಳು ಅರ್ಧಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಅಕ್ಕ ತಮ್ಮ ಕಾಯಿ ತಾವೇ ಹೊಡೆದುಕೊಂಡು ಮುಖ ಗಂಟಿಕ್ಕಿಕೊಂಡು ಕೂತಿರುತ್ತಿದ್ದರಂತೆ.

ಗಂಡಂದಿರು ಇಬ್ಬರೂ ಹೋದರು. ಚಿಕ್ಕವಳ ಮಗ ತಾಯಿಯನ್ನು ಮಂಡ್ಯಕ್ಕೆ ಕರೆದುಕೊಂಡು ಹೋದ. ಅಪ್ಪನ ಕೇಸಿನ ಜೊತೆಗೆ ಅಪ್ಪನ ಸಿಟ್ಟನ್ನೂ ಇಟ್ಟುಕೊಂಡಿದ್ದವನು. ದೊಡ್ಡಮ್ಮ ಮನೆ ಮೆಟ್ಟಿಲು ಹತ್ತಕೂಡದು ಎಂದು ಹೇಳಿದ್ದ. ಆದರೆ ಅವನ ಹೆಂಡತಿ, ಮದ್ದೂರಿನವಳು, ಚುರುಕು ಹೆಣ್ಣು, ಅತ್ತೆಯ ಫೋನಿಗೆ ಚೌಕಾಬಾರದ ಆಟ ಹಾಕಿಕೊಟ್ಟಳು. ಅಕ್ಕನ ಫೋನಿಗೆ ನಾನು ಹಾಕಿಕೊಟ್ಟೆ. ಮಧ್ಯಾಹ್ನ ಎರಡಕ್ಕೆ ಇಬ್ಬರೂ ಆಡುವರು. ಎರಡು ಗಂಟೆಗೆ ಅಕ್ಕ ಅಂಗಡಿಯಲ್ಲಿದ್ದರೆ ನನ್ನ ಸ್ಟೂಲಿನ ಮೇಲೆ ಕೂತೇ ಆಡುವರು. ಕಾಯಿ ಹಣ್ಣಾದರೆ, ಅಂದರೆ ನಡುಮನೆ ಸೇರಿದರೆ, ಬಾಯಿ ಮುಚ್ಚಿಕೊಂಡು ಒಬ್ಬರೇ ನಗುತ್ತಿದ್ದರು. ಆ ನಗು ನೋಡಿದ ದಿನ ನಾನು ಷರತ್ತುಗಳನ್ನು ಸಿಡುಕದೆ ಓದುತ್ತಿದ್ದೆ.

ಒಂದು ವರ್ಷದ ಮೇಲೆ ಚಿಕ್ಕವಳಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ದಪ್ಪವಾಯಿತು, ಕಣ್ಣು ಮೊದಲೇ ಮಂಜು. ಒಂದು ತಿಂಗಳಾದ ಮೇಲೆ ಸೊಸೆ ಫೋನು ಕಿವಿಗೆ ಹಿಡಿದಾಗ ಅವಳು ಅಕ್ಕನಿಗೆ ಹೇಳಿದ್ದು ಒಂದೇ ಮಾತಂತೆ, ನನ್ನ ಕೈಯನ್ನೂ ನೀನೇ ಆಡಕ್ಕ ಎಂದು. ಅಕ್ಕ ಮಾರನೆಯ ದಿನ ಒಂದು ಹಳೆಯ ಫೋನು ಹಿಡಿದು ಬಂದರು. ಚಿಕ್ಕವಳ ಖಾತೆಯನ್ನು ಅದರಲ್ಲಿ ತೆರೆದುಕೊಟ್ಟವನೂ ನಾನೇ. ಅಲ್ಲಿಂದ ಮಧ್ಯಾಹ್ನ ಎರಡಕ್ಕೆ ಸೊಸೆ ಫೋನನ್ನು ಅತ್ತೆಯ ದಿಂಬಿನ ಪಕ್ಕ ಇಡುವಳು. ಇಲ್ಲಿ ಅಕ್ಕ ಎರಡು ಫೋನು ಮುಂದಿಟ್ಟುಕೊಂಡು, ನಿನಗೆ ನಾಲ್ಕು ಬಿತ್ತು, ಯಾವ ಕಾಯಿ ನಡೆಸಲಿ ಎಂದು ಕೇಳುವರು. ಅತ್ತಲಿಂದ ಒಂದು ‘ಹೂಂ’ ಬಂದರೆ ಮೊದಲ ಕಾಯಿ, ಎರಡು ಬಂದರೆ ಎರಡನೆಯದು. ಏನೂ ಬರದಿದ್ದರೆ ಅಕ್ಕನೇ ಯೋಚನೆ ಮಾಡಿ ಅವಳಿಗೆ ಲಾಭವಾಗುವುದನ್ನೇ ನಡೆಸುವರು.

ವಿಚಿತ್ರವೆಂದರೆ ಚಿಕ್ಕವಳೇ ಗೆಲ್ಲುತ್ತಾ ಹೋದಳು. ಬೇಕಾದಾಗ ಅವಳಿಗೆ ಎಂಟು ಬೀಳುತ್ತಿತ್ತು, ಅಕ್ಕನಿಗೆ ಒಂದು, ಎರಡು. ಸೋತ ದಿನ ಅಕ್ಕ ನಿಜವಾಗಿಯೂ ಉರಿದುಕೊಳ್ಳುತ್ತಿದ್ದರು. ಮಲಗಿದಲ್ಲೇ ಮೆರೀತಾವ್ಳೆ ನೋಡು ಎಂದು ನನ್ನ ಹತ್ತಿರ ಬೈಯುವರು. ಹಾಸಿಗೆ ಹಿಡಿದ ಹೆಂಗಸಿಗೆ ದಿನಕ್ಕೊಂದು ಸಲ ಗೆಲ್ಲುವುದು ಎಂದರೆ ಏನು ಎಂದು ನಾನು ಆಗ ಯೋಚಿಸಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ದಿನ ಎರಡೂ ಫೋನಿನಲ್ಲಿ ಆಟ ತೆರೆಯಲಿಲ್ಲ. ಕೆಂಪು ಅಕ್ಷರದಲ್ಲಿ ಇಂಗ್ಲಿಷಿನ ನಾಲ್ಕು ಸಾಲು. ಅಕ್ಕ ನನ್ನ ಮುಂದೆ ಹಿಡಿದು ಓದು ಅಂದರು. ಮೋಸದ ಆಟದ ಅನುಮಾನದಿಂದ ಎರಡೂ ಖಾತೆಗಳನ್ನು ತಡೆಹಿಡಿಯಲಾಗಿದೆ, ಒಂದೇ ಜಾಗದಿಂದ ಎರಡು ಖಾತೆ ಆಡುತ್ತಿವೆ, ಒಂದು ಖಾತೆ ಇನ್ನೊಂದನ್ನು ಬೇಕೆಂದೇ ಗೆಲ್ಲಿಸುತ್ತಿದೆ ಎಂದಿತ್ತು. ನಾನು ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ನಾನೂ ಬಾಯಿ ತಪ್ಪಿ, ಪಾಪ ಅಂತ ಒಂದೆರಡು ಆಟ ಬಿಟ್ಟುಕೊಟ್ಟಿದ್ದೀರೇನೋ ಅಂದೆ.

‘ಬಿಟ್ಕೊಟ್ರೆ ಅದೂ ಮೋಸವೇ ಕಣಪ್ಪ’ ಅಂದರು. ‘ಅವ್ಳು ಗೆದ್ದವ್ಳೆ, ನಾನು ಸೋತಿವ್ನಿ. ಅಷ್ಟೆಯ.’

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಚಿಕ್ಕವಳ ಖಾತೆ ಸೊಸೆಯ ಇಮೇಲಿನಲ್ಲಿತ್ತು. ಅದೇ ನಾಲ್ಕು ಸಾಲು ಅಲ್ಲಿಗೂ ಹೋಗಿತ್ತು, ಸೊಸೆ ಅದನ್ನು ಅತ್ತೆಗೆ ಓದಿ ಹೇಳಿದ್ದಳು. ಅಕ್ಕ ಫೋನು ಮಾಡಿದಾಗ ಚಿಕ್ಕವಳು ‘ಅಯ್ಯೋ ಪಾಪ ಅಂತ ಗೆಲ್ಲಿಸ್ತಿದ್ಯಾ ಅಕ್ಕ?’ ಎಂದು ಕೇಳಿದಳಂತೆ. ಆಮೇಲೆ ಫೋನು ತೆಗೆದುಕೊಳ್ಳಲಿಲ್ಲ. ಇದನ್ನು ಹೇಳುವಾಗ ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇದ್ದರು.

ಮನೆಯಲ್ಲೇ ಕವಡೆ ಹಾಕಿಕೊಂಡು ಫೋನಿನಲ್ಲಿ ಹೇಳುತ್ತಾ ಆಡಿ, ಈ ಕಂಪನಿಯವರ ಹಂಗೇಕೆ ಅಂದೆ. ಕವಡೆ ನನ್ನ ಕೈಯಲ್ಲಿದ್ದರೆ ಅವಳು ಹೇಗೆ ನಂಬಬೇಕು ಅಂದರು. ಫೋನಿನ ಕವಡೆ ಯಾರ ಕೈಯಲ್ಲೂ ಇಲ್ಲ, ಅದಕ್ಕೇ ಅದು ಬೇಕು. ಮೋಸವಿಲ್ಲ ಎಂದು ಕಂಪನಿಯವರೇ ಬರೆದು ಕಳಿಸಬೇಕು, ಅದನ್ನು ಅವಳಿಗೆ ಓದಿ ಹೇಳಿಸಬೇಕು. ಅಕ್ಕನಿಗೆ ಬೇಕಾಗಿದ್ದದ್ದು ಆ ಕಾಗದ. ಆಟ ವಾಪಸ್ ಬರುವುದು ಅದರ ನಂತರದ ಮಾತು.

ನನ್ನ ಇಮೇಲಿನಿಂದಲೇ ಕಂಪನಿಗೆ ಬರೆದೆವು. ಅಕ್ಕ ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ಹಾಕುತ್ತಾ ಹೋದೆ. ಹಿತ್ತಲಿನ ಕಲ್ಲು, ಗೋಡೆ, ಲಕ್ವ, ಹೂಂಗಳ ಲೆಕ್ಕ, ಎಲ್ಲ ಬರೆಸಿದರು. ಇಷ್ಟುದ್ದ ಯಾರು ಓದುತ್ತಾರೆ ಎಂದು ಎರಡು ಸಲ ಹೇಳಿದೆ. ಬರೆದಾದ ಮೇಲೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡರು. ಒಂದು ಕಡೆ ನಾನು ಅನುಕಂಪ ಬರಲಿ ಎಂದು ಚಿಕ್ಕವಳ ಸ್ಥಿತಿಯನ್ನು ಸ್ವಲ್ಪ ಹೆಚ್ಚು ಮಾಡಿದ್ದೆ. ಅವಳಿಗೆ ಎಡಗಾಲು ಆಡುತ್ತದೆ, ಅದನ್ನು ಸರಿಮಾಡು ಅಂದರು. ಸರಿಮಾಡಿ ಕಳಿಸಿದೆ.

ನಾಲ್ಕನೆಯ ದಿನ ಸಂಜೆ ಉತ್ತರ ಬಂತು. ಅಕ್ಕ ಡೈರಿಯಲ್ಲಿ ಹಾಲಿನ ಮುಂದಿದ್ದ ಹೊತ್ತು. ವಿದ್ಯಾರ್ಥಿ ವೇತನದ ಅರ್ಜಿಗಳ ಕಾಲ, ಅಂಗಡಿ ತುಂಬ ಜನ. ನಮ್ಮ ಕಾಗದವನ್ನು ಅವರು ಓದಿದ ಗುರುತೇ ಅದರಲ್ಲಿರಲಿಲ್ಲ. ನಿರ್ಧಾರ ಬದಲಾಗದು, ಆದರೆ ತಪ್ಪು ಒಪ್ಪಿಕೊಂಡರೆ ಒಂದು ಬಾರಿಗೆ ಎರಡೂ ಖಾತೆಗಳನ್ನು ವಾಪಸ್ ಕೊಡಲಾಗುವುದು ಎಂದಿತ್ತು. ಕೆಳಗೆ ಒಂದು ಚೌಕ. ‘ಇನ್ನೊಂದು ಖಾತೆಯನ್ನು ಬೇಕೆಂದೇ ಗೆಲ್ಲಿಸಿದ್ದೇನೆ, ಮುಂದೆ ಹಾಗೆ ಮಾಡುವುದಿಲ್ಲ.’ ಅದಕ್ಕೊಂದು ಗುರುತು ಹಾಕಿ ಕಳಿಸಿದರೆ ಆಯಿತು.

ನಾನು ಹಾಕಿದೆ. ಕೇಳಬೇಕು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತು, ಕೇಳಿದರೆ ಒಪ್ಪುವುದಿಲ್ಲ ಎಂದೂ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಇಂಥ ಎಷ್ಟೋ ಚೌಕಗಳಿಗೆ ಎಷ್ಟೋ ಜನರ ಪರವಾಗಿ ಗುರುತು ಹಾಕಿದವನು ನಾನು. ಆಟ ವಾಪಸ್ ಬಂದರೆ ಇಬ್ಬರೂ ಹೊಂದಿಕೊಳ್ಳುತ್ತಾರೆ, ಮುಂದಿನದು ಮುಂದೆ ನೋಡೋಣ ಎಂದುಕೊಂಡೆ. ಹತ್ತು ನಿಮಿಷದಲ್ಲಿ ಎರಡೂ ಖಾತೆ ತೆರೆದವು. ಬೆನ್ನು ತಟ್ಟಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಅಕ್ಕ ಬಂದಾಗ, ಕಂಪನಿಯವರು ಒಪ್ಪಿದರು ಅಂದೆ. ಕಾಗದ ಓದು ಅಂದರು. ಕಾಗದ ಕಳಿಸಿಲ್ಲ, ಸುಮ್ಮನೆ ತೆರೆದಿದ್ದಾರೆ, ತಪ್ಪು ಅವರದೇ ಅಲ್ಲವೇ, ನಾಚಿಕೆಯಾಗಿರಬೇಕು ಎಂದು ಬಾಯಿಗೆ ಬಂದದ್ದನ್ನು ಹೇಳಿದೆ. ಅವರ ಮುಖ ಅರಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅವರ ಹಸು ಕರು ಹಾಕಿತ್ತು. ಸ್ಟೀಲಿನ ಡಬ್ಬಿಯಲ್ಲಿ ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣು ತಂದುಕೊಟ್ಟು ಹೋದರು. ನಾನು ಚಮಚ ಹಾಕಿಕೊಂಡು ಪೂರ್ತಿ ತಿಂದೆ.

ಎರಡು ದಿನ ಬಿಟ್ಟು ಮತ್ತೆ ಬಂದರು. ಸ್ಟೂಲಿನ ಮೇಲೆ ಕೂರಲಿಲ್ಲ. ಖಾತೆ ತೆರೆದ ವಿಷಯವನ್ನು ಕಂಪನಿ ಸೊಸೆಯ ಇಮೇಲಿಗೂ ತಿಳಿಸಿತ್ತು, ಕಾರಣ ಸಮೇತ. ಎದುರಾಳಿ ತಾನು ಬೇಕೆಂದೇ ಗೆಲ್ಲಿಸಿದ್ದಾಗಿ ಒಪ್ಪಿಕೊಂಡಿರುವುದರಿಂದ ಎಂದು. ಸೊಸೆ ಅದನ್ನೂ ಅತ್ತೆಗೆ ಓದಿ ಹೇಳಿದ್ದಳು. ನಾನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತಾ ನಿಂತೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನೂ ಒಂದೆರಡು ಮಾತು ಆಡಿ ಹಗುರಾಗಬಹುದಿತ್ತು.

‘ನನ್ ಕೈ ಆಡು ಅಂತ ನಿಂಗೆ ಕೊಟ್ಟಿದ್ದೆ ಕಣಪ್ಪ’ ಅಂದರು. ‘ನಿನ್ ಆಟ ಆಡ್ಬುಟ್ಟೆ.’

ಆ ಭಾನುವಾರ ನಾನು ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮಂಡ್ಯಕ್ಕೆ ಹೋದೆ. ಹೋಗುತ್ತೇನೆ ಎಂದು ಅಕ್ಕನಿಗೆ ಹೇಳಿರಲಿಲ್ಲ. ಮಗ ಮನೆಯಲ್ಲಿರಲಿಲ್ಲ, ಸೊಸೆ ಒಳಗೆ ಕರೆದು ಕಾಫಿ ಕೊಟ್ಟಳು. ಚಿಕ್ಕವಳು ಕಿಟಕಿ ಪಕ್ಕದ ಮಂಚದ ಮೇಲಿದ್ದಳು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಅಷ್ಟು ಸಣ್ಣ ದೇಹವನ್ನು ನಾನು ಊಹಿಸಿರಲಿಲ್ಲ. ಗುರುತು ಹಾಕಿದವನು ನಾನು, ಅಕ್ಕನಿಗೆ ಗೊತ್ತೇ ಇರಲಿಲ್ಲ, ನೀವು ಗೆದ್ದದ್ದೆಲ್ಲ ನಿಜವಾಗಿ ಗೆದ್ದದ್ದು ಎಂದು ಹೇಳಿದೆ. ಜನ್ಮದಲ್ಲಿ ತಪ್ಪೊಪ್ಪಿಕೊಂಡು ಅಭ್ಯಾಸವಿಲ್ಲದವನು, ಎರಡೆರಡು ಸಲ ಹೇಳಿದೆ. ಅವಳು ನನ್ನನ್ನೇ ನೋಡುತ್ತಾ ಕೇಳಿದಳು. ಆಮೇಲೆ ಒಂದೊಂದೇ ಮಾತನ್ನು ಎಳೆದು ಎಳೆದು ಹೇಳಿದಳು. ‘ಅಯ್ಯೋ ಪಾಪ ಅಂತ ಮಾಡವ್ಳೆ. ನಂಗೇನೂ ಕ್ವಾಪ ಇಲ್ಲ. ಬರಾಕೇಳು.’

ಮಗ ಬೇಡ ಅಂದರೂ ಬರಲಿ ಅನ್ನುತ್ತಿದ್ದಾಳೆ, ನಾನು ಕೆಡಿಸಿದ್ದನ್ನು ನಾನೇ ಸರಿಮಾಡಿದೆ ಎಂದು ಬಸ್ಸಿನಲ್ಲಿ ಸಮಾಧಾನವಾಗಿತ್ತು. ಸಂಜೆ ನೇರವಾಗಿ ಡೈರಿಗೇ ಹೋದೆ. ಹಾಲು ಹಾಕುವವರು ಚದುರುವವರೆಗೆ ಕಾದು ಅಕ್ಕನಿಗೆ ಹೇಳಿದೆ. ಈ ಸಲ ಒಂದು ಮಾತೂ ಬದಲಾಯಿಸದೆ, ಅವಳು ಹೇಳಿದ್ದನ್ನು ಹಾಗೆ ಹಾಗೇ ಹೇಳಿದೆ. ಅಕ್ಕ ಖಾಲಿ ಕ್ಯಾನಿನ ಮುಚ್ಚಳ ಹಿಡಿದು ನಿಂತೇ ಇದ್ದರು.

‘ಗೆದ್ದಿದ್ದು ತಾನೇ ಅಂತ ಇನ್ನೂ ನಂಬಿಲ್ಲ ಅವ್ಳು’ ಅಂದರು. ‘ನಾನೀಗ ಮಂಡ್ಯಕ್ಕೋದ್ರೆ ಒಪ್ಕಂಡಂಗೆ ಆಯ್ತದೆ.’

ಹೋಗಲಿಲ್ಲ. ನನಗೆ ಸಿಟ್ಟು ಬಂತು, ಮೊಂಡುತನ ಎಂದು ಅವರೆದುರೇ ಅಂದೆ. ಈಗ ಹಾಗನ್ನಿಸುವುದಿಲ್ಲ. ಪಾಪ ಎಂದು ಬಿಟ್ಟುಕೊಟ್ಟ ಆಟ ಎಂದುಕೊಂಡು ಆ ಹೆಂಗಸು ಮಲಗಿರುವಾಗ, ಪಕ್ಕದಲ್ಲಿ ಕೂತು ಕಾಫಿ ಕುಡಿಯುವುದು ಅಕ್ಕನಿಂದ ಆಗುವ ಕೆಲಸವಲ್ಲ. ಮಧ್ಯಾಹ್ನ ಎರಡು ಗಂಟೆಗೆ ಅತ್ತೆ ಈಗಲೂ ಫೋನಿನ ಕಡೆ ನೋಡುತ್ತಾರೆ ಎಂದು ಸೊಸೆ ಒಮ್ಮೆ ನನಗೆ ಫೋನು ಮಾಡಿ ಹೇಳಿದಳು. ಅದನ್ನು ನಾನು ಅಕ್ಕನಿಗೆ ಮುಟ್ಟಿಸಲಿಲ್ಲ. ಇನ್ನೊಮ್ಮೆ ಮಂಡ್ಯಕ್ಕೆ ಹೋಗಿ ಚಿಕ್ಕವಳಿಗೆ ನಂಬಿಕೆ ಬರುವವರೆಗೂ ಕೂತು ಹೇಳಬಹುದಿತ್ತು. ಎರಡು ಗಂಟೆಯ ದಾರಿ. ಅಂಗಡಿ, ಕರೆಂಟು, ಮಕ್ಕಳ ಪರೀಕ್ಷೆ ಎಂದು ನಾನೂ ಹೋಗಲಿಲ್ಲ.

ಒಂದು ವರ್ಷದೊಳಗೆ ಚಿಕ್ಕವಳು ತೀರಿಕೊಂಡಳು. ಅಕ್ಕ ಮಂಡ್ಯಕ್ಕೆ ಹೋಗಿ, ಮಗ ಒಳಗೆ ಕರೆಯದ್ದರಿಂದ ರಸ್ತೆಯಲ್ಲೇ ನಿಂತು ನೋಡಿ ಬಂದರಂತೆ. ತಿಥಿ ಕಳೆದ ಮೇಲೆ ಎರಡೂ ಫೋನು ಹಿಡಿದು ನನ್ನ ಅಂಗಡಿಗೆ ಬಂದರು. ಎಷ್ಟೋ ತಿಂಗಳ ಮೇಲೆ ಬಂದದ್ದು. ಎರಡು ಖಾತೆಯನ್ನೂ ಮುಚ್ಚಿಬಿಡು ಅಂದರು. ತೆರೆದೆ. ಮುಚ್ಚಲು ಕಾರಣವೇನು ಎಂದು ಆಟದ ಪರದೆ ಕೇಳಿತು. ಆಸಕ್ತಿ ಇಲ್ಲ, ಸಮಯವಿಲ್ಲ, ಆಟ ಇಷ್ಟವಾಗಲಿಲ್ಲ ಎಂದು ಪಟ್ಟಿ ಕೊಟ್ಟಿತ್ತು. ಯಾವುದಾದರೂ ಒಂದನ್ನು ಒತ್ತಿದರೆ ಸಾಕು ಅಂದೆ. ಬೇರೆ ಬರೆಯಲು ಜಾಗವಿದೆಯೇ ಎಂದು ಕೇಳಿದರು. ಇತ್ತು.

‘ಅವ್ಳು ಗೆದ್ದಿದ್ದೆಲ್ಲ ಅವ್ಳೇ ಗೆದ್ದಿದ್ದು ಅಂತ ಬರಿ’ ಅಂದರು.

ಕನ್ನಡದಲ್ಲೇ, ಅವರು ಹೇಳಿದ ಹಾಗೆಯೇ ಬರೆದು ಕಳಿಸಿದೆ. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವಳು ಸತ್ತು ಹದಿನಾಲ್ಕು ದಿನವಾಗಿತ್ತು.